ಪ್ರೋಬಸ್‌ನ ನಾಣ್ಯ: ಮುಖ ನೋಡಿದ್ದು ಸಾಕು, ಕೆಳಗಿನ ಗೆರೆ ನೋಡಿ

ಓದುಗರ ಪ್ರಶ್ನೆ: ನಾನು ಧಾರವಾಡದವನು, ನಿವೃತ್ತ ಬ್ಯಾಂಕ್ ನೌಕರ. ಟಿಪ್ಪುವಿನ ಆನೆ ಕಾಸು, ಮೈಸೂರು ಅರಸರ ಕಾಸು, ಕಂಪನಿ ಸರಕಾರದ ತಾಮ್ರದ ಪೈಸೆ ಸೇರಿಸುವ ಹವ್ಯಾಸವಿದೆ. ವಿಯೆನ್ನಾದಲ್ಲಿರುವ ಮಗಳು ಈ ಸಲ ಬರುವಾಗ ಅಂಗಡಿಯೊಂದರಿಂದ 45 ಯೂರೋ ಕೊಟ್ಟು ಒಂದು ರೋಮನ್ ನಾಣ್ಯ ತಂದಳು. ಬಿಲ್ಲಿನಲ್ಲಿ 'ಪ್ರೋಬಸ್, ಕಂಚು' ಎಂದಿದೆ. ಮುಂದೆ ಗಡ್ಡದ ಮುಖ, ಮುಳ್ಳುಮುಳ್ಳಾದ ಕಿರೀಟ. ಹಿಂದೆ ಎಡಕ್ಕೆ ಓಡುವ ನಾಲ್ಕು ಕುದುರೆಗಳ ರಥ. ಅದರ ಕೆಳಗೆ ಕೆ, ಎ ಎಂಬ ಎರಡು ಅಕ್ಷರ, ಪಕ್ಕದಲ್ಲಿ ಒಂದು ತ್ರಿಕೋನ. ಕಂದು ಬಣ್ಣದ ನಡುವೆ ಅಲ್ಲಲ್ಲಿ ಬೆಳ್ಳಿಯಂತೆ ಹೊಳೆಯುತ್ತದೆ. ಇದು ಕಂಚೋ ಬೆಳ್ಳಿಯೋ? ಹುಣಸೆಹಣ್ಣು ಹಾಕಿ ತೊಳೆಯಬಹುದೇ? ಈ ಒಬ್ಬ ದೊರೆಯ ನಾಣ್ಯಗಳನ್ನೇ ಸೇರಿಸುವುದಾದರೆ ಹೇಗೆ ಶುರು ಮಾಡಬೇಕು?

ಉತ್ತರ: ಮೊದಲು ಹುಣಸೆಹಣ್ಣನ್ನು ಅಡುಗೆಮನೆಗೆ ವಾಪಸ್ ಕಳಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಪ್ರೋಬಸ್ ಮೂರನೇ ಶತಮಾನದ ರೋಮನ್ ದೊರೆ. ನಿಮ್ಮ ನಾಣ್ಯ ಕಂಚೂ ಹೌದು, ಬೆಳ್ಳಿಯೂ ಹೌದು. ಒಳಗಿರುವುದು ಬಹುಪಾಲು ತಾಮ್ರ, ಅದರಲ್ಲಿ ನೂರಕ್ಕೆ ಐದರಷ್ಟು ಬೆಳ್ಳಿ. ಮೇಲೆ ತೆಳ್ಳಗೆ ಬೆಳ್ಳಿಯ ಲೇಪ. ಟಂಕಸಾಲೆಯಿಂದ ಹೊರಬಂದ ದಿನ ಅದು ಪೂರ್ತಿ ಬೆಳ್ಳಗೆ ಹೊಳೆಯುತ್ತಿತ್ತು. ಕೈಯಿಂದ ಕೈಗೆ ಹೋಗಿ, ಆಮೇಲೆ ಮಣ್ಣಿನಲ್ಲಿ ಮಲಗಿ, ಲೇಪ ಸವೆದು ಕಂದು ಮೈ ಕಾಣಿಸಿಕೊಂಡಿದೆ. ಅಲ್ಲಲ್ಲಿ ಉಳಿದ ಹೊಳಪೇ ನೀವು ನೋಡುತ್ತಿರುವುದು. ಅಂಗಡಿಯವರು ಇದನ್ನು ಕಂಚಿನ ಸಾಲಿಗೆ ಸೇರಿಸುವುದು ರೂಢಿ. 'ಆಂಟೋನಿನಿಯಾನಸ್' ಎಂದೂ ಬರೆಯುತ್ತಾರೆ, ಕೆಲವರು 'ಔರೇಲಿಯಾನಿಯಾನಸ್' ಎನ್ನುತ್ತಾರೆ. ಎರಡೂ ಈಚಿನವರು ಇಟ್ಟ ಹೆಸರುಗಳೇ. 45 ಯೂರೋ ಸರಿಯಾದ ಬೆಲೆ. ನಿಮ್ಮ ಮಗಳು ಮೋಸ ಹೋಗಿಲ್ಲ.

ಈಗ ಆ ತ್ರಿಕೋನದ ವಿಷಯ. ನಿಮ್ಮ ನಾಣ್ಯದಲ್ಲಿ ನಿಜವಾದ ಮಜಾ ಇರುವುದು ಅಲ್ಲೇ.

ಕೆ, ಎ ಎಂದು ನೀವು ಓದಿದ್ದು ಇಂಗ್ಲಿಷ್ ಅಕ್ಷರಗಳಲ್ಲ, ಗ್ರೀಕ್ ಅಂಕಿಗಳು. ಗ್ರೀಕರು ಅಕ್ಷರಗಳಲ್ಲೇ ಲೆಕ್ಕ ಬರೆಯುತ್ತಿದ್ದರು. ಕಪ್ಪಾ ಅಂದರೆ 20, ಆಲ್ಫಾ ಅಂದರೆ 1. ತ್ರಿಕೋನ ಡೆಲ್ಟಾ, ಅಂದರೆ 4. ಇಪ್ಪತ್ತು ಮತ್ತು ಒಂದು ಎನ್ನುವುದು ಲೋಹದ ಬೆರಕೆಯ ಗುರುತು: ಇಪ್ಪತ್ತು ಪಾಲು ತಾಮ್ರಕ್ಕೆ ಒಂದು ಪಾಲು ಬೆಳ್ಳಿ. ನಾಲ್ಕು ಎನ್ನುವುದು ಟಂಕಸಾಲೆಯ ಒಳಗಿನ ನಾಲ್ಕನೇ ಕಾರ್ಖಾನೆ. ರಥ ಓಡಿಸುವವನು ಸೂರ್ಯ, ಸುತ್ತಲಿನ ಬರಹ 'ಸೋಲಿ ಇನ್ವಿಕ್ಟೊ', ಸೋಲಿಲ್ಲದ ಸೂರ್ಯನಿಗೆ ಅಂತ. ಇದೇ ರಥವನ್ನು ರೋಮ್, ಸಿಸ್ಕಿಯಾ, ಸಿಝಿಕಸ್‌ಗಳಲ್ಲೂ ಹೊಡೆದಿದ್ದಾರೆ. ಆದರೆ ಈ ರಥ, ಈ ಗ್ರೀಕ್ ಅಂಕಿ, ಜೊತೆಗೆ ಡೆಲ್ಟಾ ಮೂರೂ ಕೂಡಿದರೆ ಅದು ಸೆರ್ಡಿಕಾ. ಇವತ್ತಿನ ಬಲ್ಗೇರಿಯಾದ ರಾಜಧಾನಿ ಸೋಫಿಯಾ. ಮುಂಭಾಗದಲ್ಲಿ ಯಾರ ಮುಖ ಅಂತ ಹೆಸರು ಓದಿದರೆ ಗೊತ್ತಾಗುತ್ತದೆ. ಎಲ್ಲಿ ಹುಟ್ಟಿತು, ಯಾವ ಕಾರ್ಖಾನೆ, ಯಾವ ಬೆರಕೆ ಅನ್ನುವುದೆಲ್ಲ ಈ ಕೆಳಗಿನ ಗೆರೆಯಲ್ಲೇ ಇದೆ.

ನಿಮಗೆ ಇದು ಹೊಸದೇನಲ್ಲ. ಟಿಪ್ಪುವಿನ ಕಾಸಿನಲ್ಲಿ ಒಂದು ಕಡೆ ಆನೆ, ಇನ್ನೊಂದು ಕಡೆ ಟಂಕಸಾಲೆಯ ಹೆಸರು. ಆನೆ ನೋಡಿ ಖುಷಿಪಡುವವರು ಬೇರೆ, ಇದು ಪಟ್ಟಣದ್ದೋ ನಗರದ್ದೋ ಅಂತ ತಿರುಗಿಸಿ ನೋಡುವವರು ಬೇರೆ. ಪ್ರೋಬಸ್‌ನನ್ನೂ ಹಾಗೇ ಸೇರಿಸಬೇಕು ಎನ್ನುವುದು ನನ್ನ ಅಭಿಪ್ರಾಯ.

ಇಪ್ಪತ್ತೊಂದರ ಬಗ್ಗೆ ಹಿಂದೆ ದೊಡ್ಡ ಜಗಳವೇ ಇತ್ತು. ರೋಮನ್ ಲಿಪಿಯ ಟಂಕಸಾಲೆಗಳು ಇದನ್ನೇ ಎಕ್ಸ್-ಎಕ್ಸ್-ಐ ಎಂದು ಹಾಕುತ್ತಿದ್ದವು. ಕೆಲವು ವಿದ್ವಾಂಸರು ಅದು ನಾಣ್ಯದ ಬೆಲೆ ಎಂದರು, ಇನ್ನು ಕೆಲವರು ಬೆರಕೆ ಎಂದರು. ಪ್ರೋಬಸ್‌ಗಿಂತ ಸ್ವಲ್ಪ ಮೊದಲು ಆಳಿದ ಟ್ಯಾಸಿಟಸ್‌ನ ಕೆಲವು ನಾಣ್ಯಗಳಲ್ಲಿ ಎಕ್ಸ್-ಐ, ಅಂದರೆ ಹತ್ತು ಮತ್ತು ಒಂದು ಎಂಬ ಗುರುತಿದೆ. ಲೋಹ ಪರೀಕ್ಷೆ ಮಾಡಿದರೆ ಅವುಗಳಲ್ಲಿ ಬೆಳ್ಳಿ ಸುಮಾರು ಎರಡು ಪಟ್ಟು. ಪ್ರೋಬಸ್‌ನ ನಂತರ ಬಂದ ಕ್ಯಾರಸ್ ಕಾಲದ ಕೆಲವು ನಾಣ್ಯಗಳಲ್ಲಂತೂ 'ಎಕ್ಸ್ ಎಟ್ ಐ' ಎಂದು ನಡುವೆ 'ಮತ್ತು' ಸೇರಿಸಿ ಬರೆದಿದ್ದಾರೆ. ಇಷ್ಟು ಸಾಕಲ್ವಾ? ಬೆರಕೆಯ ವಾದವೇ ನನಗೆ ಸರಿ ಕಾಣುತ್ತದೆ.

ಬೆರಕೆಯನ್ನು ನಾಣ್ಯದ ಮೇಲೆಯೇ ಬರೆದು ಸಾರುವ ಗತಿ ಯಾಕೆ ಬಂತು? ಜನಕ್ಕೆ ನಂಬಿಕೆ ಹೋಗಿತ್ತು. ಕ್ರಿ.ಶ. 235ರಲ್ಲಿ ಮ್ಯಾಕ್ಸಿಮಿನಸ್ ಥ್ರಾಕ್ಸ್ ಎಂಬ ಸೈನಿಕ ಗದ್ದುಗೆ ಏರಿದ ಮೇಲೆ ಐವತ್ತು ವರ್ಷ ರೋಮ್‌ನಲ್ಲಿ ದೊರೆಗಳನ್ನು ಮಾಡುತ್ತಿದ್ದದ್ದೂ ಕೊಲ್ಲುತ್ತಿದ್ದದ್ದೂ ಸೈನ್ಯ. ಸೈನಿಕರ ಸಂಬಳಕ್ಕೆ ನಾಣ್ಯ ಬೇಕು, ಬೆಳ್ಳಿ ಇಲ್ಲ. ಗ್ಯಾಲಿಯೆನಸ್ ಎಂಬ ದೊರೆಯ ಕೊನೆಗಾಲಕ್ಕೆ 'ಬೆಳ್ಳಿ' ನಾಣ್ಯದಲ್ಲಿ ಬೆಳ್ಳಿ ನೂರಕ್ಕೆ ಎರಡು ಮೂರಕ್ಕೆ ಇಳಿದಿತ್ತು. ಔರೇಲಿಯನ್ ದೊರೆಯಾದಾಗ ರೋಮ್‌ನ ಟಂಕಸಾಲೆಯ ಕೆಲಸಗಾರರೇ ದಂಗೆ ಎದ್ದರು. ಕದ್ದು ತಿನ್ನುತ್ತಿದ್ದದ್ದು ಸಿಕ್ಕಿಬಿದ್ದಿತ್ತು ಎನ್ನುತ್ತಾರೆ. ಸೀಲಿಯನ್ ಗುಡ್ಡದ ಮೇಲೆ ಬೀದಿ ಕಾಳಗವಾಗಿ ಸಾವಿರಾರು ಸೈನಿಕರು ಸತ್ತರು ಅಂತ ಹಳೆಯ ಬರಹಗಾರರು ಬರೆದಿಟ್ಟಿದ್ದಾರೆ. ಟಂಕಸಾಲೆಯ ಗುಮಾಸ್ತರ ಜೊತೆ ಯುದ್ಧ ಮಾಡಬೇಕಾಗಿ ಬಂದ ದೊರೆ ಇತಿಹಾಸದಲ್ಲಿ ಇನ್ನೊಬ್ಬ ಸಿಗುವುದು ಕಷ್ಟ. ಆಮೇಲೆ 274ರ ಹೊತ್ತಿಗೆ ಅವನು ನಾಣ್ಯದ ತೂಕ ಹೆಚ್ಚಿಸಿದ, ಬೆರಕೆ ಗೊತ್ತುಮಾಡಿದ, ಗುರುತು ಹಾಕಿಸಿದ. ಪ್ರೋಬಸ್‌ಗೆ ಸಿಕ್ಕಿದ್ದು ಈ ಸುಧಾರಿಸಿದ ನಾಣ್ಯ.

ಪ್ರೋಬಸ್ ಹುಟ್ಟಿದ್ದು 232ರಲ್ಲಿ, ಸಿರ್ಮಿಯಂ ಎಂಬ ಊರಿನಲ್ಲಿ. ಇವತ್ತು ಅದು ಸರ್ಬಿಯಾದ ಸ್ರೆಮ್‌ಸ್ಕಾ ಮಿತ್ರೋವಿತ್ಸಾ. 276ರಲ್ಲಿ ಟ್ಯಾಸಿಟಸ್ ಸತ್ತಾಗ ಪೂರ್ವದ ಸೈನ್ಯ ಇವನನ್ನು ದೊರೆ ಎಂದು ಕೂಗಿತು. ಎದುರಾಳಿ ಫ್ಲೋರಿಯನ್‌ನನ್ನು ಟಾರ್ಸಸ್‌ನಲ್ಲಿ ಅವನ ಸೈನಿಕರೇ ಕೊಂದರು. ಮುಂದಿನ ಆರು ವರ್ಷ ಪ್ರೋಬಸ್ ಕುದುರೆಯಿಂದ ಇಳಿದದ್ದೇ ಕಡಿಮೆ. ಗಾಲ್‌ನಲ್ಲಿ (ಇವತ್ತಿನ ಫ್ರಾನ್ಸ್ ಕಡೆ) ಫ್ರ್ಯಾಂಕರು, ಅಲಮಾನ್ನರು ಎಂಬ ಜರ್ಮನ್ ಬುಡಕಟ್ಟುಗಳು. ಡ್ಯಾನ್ಯೂಬ್ ದಂಡೆಯಲ್ಲಿ ವಾಂಡಲರು. ಇವತ್ತಿನ ಟರ್ಕಿಯ ಬೆಟ್ಟಗಳಲ್ಲಿ ದರೋಡೆಕೋರರು. ಜೊತೆಗೆ ತನ್ನ ಕಡೆಯವರದ್ದೇ ದಂಗೆಗಳು. 281ರಲ್ಲಿ ರೋಮ್‌ನಲ್ಲಿ ವಿಜಯದ ಮೆರವಣಿಗೆ ಮಾಡಿದ. 282ರಲ್ಲಿ ಹುಟ್ಟಿದೂರಿನಲ್ಲೇ ಸೈನಿಕರ ಕೈಯಲ್ಲಿ ಸತ್ತ. ಜೌಗು ನೆಲ ಬಸಿಯುವ ಕೆಲಸಕ್ಕೆ ಹಚ್ಚಿದನೆಂದು ಸಿಟ್ಟಾಗಿ ಕೊಂದರು ಎಂಬ ಕಥೆ ಇದೆ. ಯುದ್ಧವಿಲ್ಲದಾಗ ಸೈನಿಕರಿಗೆ ಅಗೆಯುವ, ನೆಡುವ ಕೆಲಸ ಕೊಡುವುದು ಇವನ ರೂಢಿ. ಗಾಲ್, ಡ್ಯಾನ್ಯೂಬ್ ದಂಡೆಯ ಪನ್ನೋನಿಯಾ ಪ್ರಾಂತಗಳಲ್ಲಿ ದ್ರಾಕ್ಷಿ ಬೆಳೆಯಲು ಬಿಟ್ಟವನೂ ಇವನೇ. ನಿಮ್ಮ ಮಗಳಿರುವ ವಿಯೆನ್ನಾದ ದ್ರಾಕ್ಷಿತೋಟಗಳ ಕಡೆ, ಹೈಲಿಗನ್‌ಷ್ಟಾಟ್‌ನಲ್ಲಿ, ಇವನ ಹೆಸರಿನ ಬೀದಿಯೇ ಇದೆ: ಪ್ರೋಬಸ್‌ಗಾಸ್ಸೆ. ಬೀಥೋವನ್ ಇದ್ದ ಮನೆ ಎಂದು ಜನ ನೋಡಲು ಹೋಗುತ್ತಾರೆ. ಮುಂದಿನ ಸಲ ಹೋದಾಗ ಬೀದಿಯ ಫಲಕವನ್ನೂ ನೋಡಿ ಬನ್ನಿ.

ಇಷ್ಟು ಓಡಾಡಿದ, ಇಷ್ಟು ದೊಡ್ಡ ಸೈನ್ಯ ಸಾಕಿದ ದೊರೆ ಎಷ್ಟು ನಾಣ್ಯ ಹೊಡೆಸಿರಬೇಕು ನೋಡಿ. ಲಿಯೋನ್, ರೋಮ್, ಟಿಸಿನಂ, ಸಿಸ್ಕಿಯಾ, ಸೆರ್ಡಿಕಾ, ಸಿಝಿಕಸ್, ಆಂಟಿಯೋಕ್, ಟ್ರಿಪೊಲಿಸ್, ಹೀಗೆ ಎಂಟು ಟಂಕಸಾಲೆ. ಅಲೆಕ್ಸಾಂಡ್ರಿಯಾದ್ದು ಬೇರೆಯೇ ಲೆಕ್ಕ. ಇಟಲಿಯ ವೆರೋನಾ ಹತ್ತಿರ ವೆನೆರಾದಲ್ಲಿ 1876ರಲ್ಲಿ ಸಿಕ್ಕ ನಿಧಿಯಲ್ಲಿ ಈ ಕಾಲದ ನಾಣ್ಯಗಳು ಹತ್ತಾರು ಸಾವಿರ ಇದ್ದವು. 2010ರಲ್ಲಿ ಇಂಗ್ಲೆಂಡಿನ ಫ್ರೋಮ್ ಹತ್ತಿರ ಒಂದೇ ಮಡಕೆಯಲ್ಲಿ 52,503 ನಾಣ್ಯ ಸಿಕ್ಕವು. ಅವೂ ಇದೇ ಮೂರನೇ ಶತಮಾನದವು. ಹಾಗಾಗಿ ಪ್ರೋಬಸ್ ಅಗ್ಗ. ನೋಡಲು ಚೆನ್ನಾಗಿರುವ, ಅಕ್ಷರ ಓದಲು ಬರುವ ನಾಣ್ಯ 20ರಿಂದ 60 ಯೂರೋ ಒಳಗೆ ಯುರೋಪಿನಲ್ಲಿ ಆರಾಮಾಗಿ ಸಿಗುತ್ತದೆ. 1,740 ವರ್ಷ ಹಳೆಯ ವಸ್ತು, ಒಂದು ಒಳ್ಳೆಯ ಊಟದ ಬೆಲೆಗೆ.

ಅಗ್ಗವಾದದ್ದೇ ತೊಂದರೆಯೂ ಹೌದು. ಬಗೆಗಳು ವಿಪರೀತ. ರೋಮನ್ ನಾಣ್ಯಗಳ ದೊಡ್ಡ ಪಟ್ಟಿ 'ಆರ್‌ಐಸಿ' ಎಂದು ಎಲ್ಲ ಕಡೆ ಕಾಣುತ್ತೀರಿ. ಅದರ ಐದನೇ ಸಂಪುಟದ ಎರಡನೇ ಭಾಗ, 1933ರದ್ದು, ಪ್ರೋಬಸ್‌ಗೆ 900ಕ್ಕೂ ಜಾಸ್ತಿ ಸಂಖ್ಯೆ ಕೊಟ್ಟಿದೆ. ಒಂದೊಂದು ಸಂಖ್ಯೆಯ ಕೆಳಗೆ ಹಲವು ಗುರುತು, ಹಲವು ಕಾರ್ಖಾನೆ. 'ಎಲ್ಲವನ್ನೂ ಸೇರಿಸುತ್ತೇನೆ' ಎಂದು ಹೊರಟವರು ನಾಲ್ಕು ವರ್ಷದಲ್ಲಿ ಸುಸ್ತಾಗಿ ಮಾರಿಬಿಡುತ್ತಾರೆ. ಒಂದು ಸಣ್ಣ ಮೂಲೆ ಹಿಡಿಯಿರಿ.

ಯಾವ ಮೂಲೆ? ನಿಮಗೆ ನಾನು ಸೆರ್ಡಿಕಾವನ್ನೇ ಹೇಳುತ್ತೇನೆ. ಒಂದು ನಾಣ್ಯ ಆಗಲೇ ಕೈಯಲ್ಲಿದೆ, ಅದೂ ನಾಲ್ಕನೇ ಕಾರ್ಖಾನೆಯದು. ಆಲ್ಫಾ, ಬೀಟಾ, ಗ್ಯಾಮಾ ಗುರುತಿನ ಇದೇ ರಥ ಹುಡುಕಿದರೆ ನಾಲ್ಕೂ ಕಾರ್ಖಾನೆಯ ಒಂದು ಪುಟ್ಟ ಸೆಟ್ ಆಗುತ್ತದೆ. ಸೆರ್ಡಿಕಾದ ಕೆತ್ತನೆಗಾರರು ಮುಂಭಾಗದಲ್ಲೂ ಆಟ ಆಡಿದ್ದಾರೆ. ಒಂದರಲ್ಲಿ ದೊರೆ ಹೂಬಳ್ಳಿ ಕಸೂತಿಯ ಕಾನ್ಸಲ್ ಎಂಬ ದೊಡ್ಡ ಪದವಿಯ ನಿಲುವಂಗಿ ತೊಟ್ಟು, ತುದಿಗೆ ಹದ್ದು ಕೂತ ಕೋಲು ಹಿಡಿದಿದ್ದಾನೆ. ಇನ್ನೊಂದರಲ್ಲಿ ಶಿರಸ್ತ್ರಾಣ, ಭರ್ಜಿ, ಗುರಾಣಿ ಸಮೇತ ಎಡಕ್ಕೆ ತಿರುಗಿದ್ದಾನೆ. ಬರಹವೂ ಬದಲಾಗುತ್ತದೆ. ಕೆಲವು ಅಪರೂಪದ ನಾಣ್ಯಗಳಲ್ಲಿ ದೊರೆಯನ್ನು 'ಡಿಯೋ ಎಟ್ ಡೊಮಿನೊ', ದೇವರೂ ಒಡೆಯನೂ ಆದವನಿಗೆ, ಎಂದೇ ಕರೆದಿದ್ದಾರೆ. ಬದುಕಿರುವ ದೊರೆಯನ್ನು ನಾಣ್ಯದ ಮೇಲೆ ದೇವರು ಎಂದ ಧೈರ್ಯ ರೋಮ್ ನಗರದ ಟಂಕಸಾಲೆಗೆ ಇರಲಿಲ್ಲ. ಅವು ದುಬಾರಿ. ಅವಸರ ಬೇಡ.

ರೋಮ್‌ನ ನಾಣ್ಯ ಗುರುತಿಸುವುದು ಸುಲಭ. ಕೆಳಗೆ ಆರ್ ಅಕ್ಷರ, ಆಮೇಲೆ ಒಂದು ಪುಟ್ಟ ಚಿತ್ರ: ಸಿಡಿಲು, ಹಾರ, ನಕ್ಷತ್ರ ಹೀಗೆ. ಕೊನೆಗೆ ಕಾರ್ಖಾನೆಯ ಗ್ರೀಕ್ ಅಂಕಿ. ಆ ಚಿತ್ರ ಯಾವ ಸಲದ ಹೊಡೆತ ಎಂದು ಹೇಳುತ್ತದೆ. ಲಿಯೋನ್‌ನಲ್ಲಿ ಇಪ್ಪತ್ತೊಂದರ ಗುರುತೇ ಸಾಮಾನ್ಯವಾಗಿ ಇಲ್ಲ. ಒಂದು ಗೆರೆ, ಎರಡು ಗೆರೆ ಎಂದು ಕಾರ್ಖಾನೆ ಎಣಿಸಿರುತ್ತಾರೆ, ಇಲ್ಲವೇ ಎ, ಬಿ, ಸಿ, ಡಿ. ಆಂಟಿಯೋಕ್‌ನಲ್ಲಿ ಕಾರ್ಖಾನೆಯ ಅಂಕಿ ಕೆಳಗಲ್ಲ, ಎದುರುಬದುರು ನಿಂತ ಇಬ್ಬರ ನಡುವೆ ಇರುತ್ತದೆ. ಜೂಪಿಟರ್ ದೊರೆಗೆ ಭೂಗೋಳ ಕೊಡುವ ಚಿತ್ರ ಅಲ್ಲಿಯದು. ಆಂಟಿಯೋಕ್ ನಾಣ್ಯ ಸುಲಭಕ್ಕೆ ಸಿಗುತ್ತದೆ, ಆದರೆ ಚಿತ್ರ ಬೇಗ ಬೇಜಾರಾಗುತ್ತದೆ.

ಟಿಸಿನಂ ಮಾತ್ರ ಬಿಡಬೇಡಿ. ಇವತ್ತಿನ ಇಟಲಿಯ ಪಾವಿಯಾ. ಇಲ್ಲಿ ಆರು ಕಾರ್ಖಾನೆ. ಒಂದು ಸಲದ ಹೊಡೆತದಲ್ಲಿ ಒಂದೊಂದು ಕಾರ್ಖಾನೆಯ ನಾಣ್ಯದ ಹಿಂಭಾಗದಲ್ಲಿ ಒಂದು ಬಿಡಿ ಅಕ್ಷರ ಹೆಚ್ಚಿಗೆ ಹಾಕಿದ್ದಾರೆ. ಒಂದೇ ನಾಣ್ಯ ಇಟ್ಟುಕೊಂಡರೆ ಅದಕ್ಕೆ ಅರ್ಥವಿಲ್ಲ. ಆರೂ ಕಾರ್ಖಾನೆಯದನ್ನು ಸಾಲಾಗಿ ಇಟ್ಟರೆ ಇ, ಕ್ಯೂ, ವಿ, ಐ, ಟಿ, ಐ. 'ಇಕ್ವಿಟಿ'. ಪ್ರೋಬಸ್‌ಗೆ ಇಕ್ವಿಟಿಯಸ್ ಎಂಬ ಹೆಸರೂ ಇತ್ತು ಎಂದು ಹಳೆಯ ಬರಹವೊಂದರಲ್ಲಿದೆ. ಅದನ್ನೇ ಗುಟ್ಟಾಗಿ ಬರೆದಿದ್ದಾರೆ ಎನ್ನುತ್ತಾರೆ. ಕುದುರೆ ಸವಾರ ಪಡೆಗೆ ಸಂಬಂಧಿಸಿದ್ದು ಎನ್ನುವವರೂ ಇದ್ದಾರೆ. ನನಗೆ ಹೆಸರಿನ ವಾದ ಹೆಚ್ಚು ಹಿಡಿಸುತ್ತದೆ. ಈ ಆರು ನಾಣ್ಯಗಳನ್ನು ಬಿಡಿಬಿಡಿಯಾಗಿ, ಬೇರೆ ಬೇರೆ ಮಾರಾಟಗಾರರಿಂದ ಹುಡುಕಿ ಜೋಡಿಸುವುದರಲ್ಲಿರುವ ಸುಖ ದುಬಾರಿ ಚಿನ್ನದ ನಾಣ್ಯ ಕೊಂಡರೂ ಸಿಗುವುದಿಲ್ಲ. ಒಟ್ಟಿಗೆ ಕಟ್ಟಿ ಮಾರುವವರ ಹತ್ತಿರ ಸೆಟ್ ಕೊಳ್ಳಬೇಡಿ. ಆಟವೇ ಮುಗಿದುಹೋಗುತ್ತದೆ.

ಇನ್ನು ಹಿಂಭಾಗದ ಚಿತ್ರಗಳ ಮೇಲೆ ಹೋಗುವುದಾದರೆ, ಯುದ್ಧ ಹೇಳುವವನ್ನು ಆರಿಸಿ. 'ವಿಕ್ಟೋರಿಯಾ ಜರ್ಮ್' ಎಂದಿದ್ದರೆ ವಿಜಯಸ್ತಂಭದ ಬುಡದಲ್ಲಿ ಕೈಕಟ್ಟಿದ ಸೆರೆಯಾಳುಗಳು. 277, 278ರ ಜರ್ಮನ್ ಯುದ್ಧಗಳ ಹೊಗಳಿಕೆ. 'ಅಡ್ವೆಂಟಸ್' ಎಂದಿದ್ದರೆ ದೊರೆ ಕುದುರೆ ಮೇಲೆ ಊರಿಗೆ ಬರುತ್ತಿದ್ದಾನೆ. 'ಕಾಂಕಾರ್ಡಿಯಾ ಮಿಲಿಟಂ', ಸೈನಿಕರ ಒಗ್ಗಟ್ಟು. ಇದು ಬಹಳ ಸಿಗುತ್ತದೆ. ಒಗ್ಗಟ್ಟಿಲ್ಲದ ಕಡೆ ಅದನ್ನೇ ಜಾಸ್ತಿ ಕೂಗಿ ಹೇಳುವುದು ಎಲ್ಲ ಕಾಲದ ಸರಕಾರಗಳ ಬುದ್ಧಿ, ಅಲ್ವಾ? ಸಿಸ್ಕಿಯಾದವರು ತಮ್ಮ ಊರನ್ನೇ ಹೆಣ್ಣಾಗಿ ಕೂರಿಸಿ, ಎರಡು ಕಡೆ ಸಾವಾ ಮತ್ತು ಕುಪಾ ನದಿಗಳನ್ನು ಮಲಗಿಸಿ 'ಸಿಸ್ಕಿಯಾ ಪ್ರೋಬಿ ಆಗ್' ಎಂದು ಬರೆದ ನಾಣ್ಯವಿದೆ. ಕ್ರೊಯೇಷಿಯಾದ ಸಿಸಾಕ್‌ಗೆ ಹೋದರೆ ಆ ಎರಡು ನದಿಗಳು ಇವತ್ತಿಗೂ ಅಲ್ಲೇ ಸೇರುತ್ತವೆ. ನಾಣ್ಯ ಅಪರೂಪ, ಬೆಲೆಯೂ ಹಾಗೇ ಇದೆ. ಆಸೆಪಟ್ಟುಕೊಂಡಿರಬಹುದು.

ಕೊಳ್ಳುವಾಗ ನೋಡಬೇಕಾದ್ದು ಒಂದೇ ಮುಖ್ಯ: ಕೆಳಗಿನ ಗೆರೆ ಪೂರ್ತಿ ಇದೆಯೇ? ಸುತ್ತಿಗೆಯಿಂದ ಒಂದೊಂದಾಗಿ ಹೊಡೆದ ನಾಣ್ಯಗಳು ಇವು. ಅಚ್ಚು ಸ್ವಲ್ಪ ಮೇಲೆ ಕೂತರೆ ಕೆಳಗಿನ ಗುರುತು ಬಿಲ್ಲೆಯ ಹೊರಗೆ ಹೋಗಿರುತ್ತದೆ. ಮುಖ ಎಷ್ಟೇ ಚೆಂದವಿದ್ದರೂ ಅಂಥದನ್ನು ಬಿಡಿ. ಬೆಳ್ಳಿ ಲೇಪ ಪೂರ್ತಿ ಉಳಿದದ್ದಕ್ಕೆ ಎರಡು ಮೂರು ಪಟ್ಟು ಕೇಳುತ್ತಾರೆ. ಲೇಪಕ್ಕೆ ದುಡ್ಡು ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಅದರಲ್ಲೂ ಈಗ ಹೊಸದಾಗಿ ಬೆಳ್ಳಿ ಪೂಸಿ ಮಾರುವವರಿದ್ದಾರೆ. ಹಳೆಯ ಲೇಪ ಎತ್ತರದ ಭಾಗಗಳಲ್ಲಿ, ಅಂದರೆ ಕೆನ್ನೆ, ಕಿವಿಯ ಮೇಲಿನ ಕೂದಲು, ಕುದುರೆಯ ತೊಡೆಗಳಲ್ಲಿ ಮೊದಲು ಸವೆಯುತ್ತದೆ. ಅಕ್ಷರಗಳ ಸಂದಿಯಲ್ಲಿ ಉಳಿದಿರುತ್ತದೆ. ಸವೆದ ಕೆನ್ನೆಯ ಮೇಲೂ ಒಂದೇ ಸಮ ಹೊಳೆಯುತ್ತಿದ್ದರೆ ಅನುಮಾನಪಡಿ.

ನಕಲಿಗಳ ಭಯ ಅತಿಯಾಗಿ ಬೇಡ. 30 ಯೂರೋದ ನಾಣ್ಯವನ್ನು ಚೆನ್ನಾಗಿ ನಕಲು ಮಾಡಿದರೆ ಮಾಡಿದವನಿಗೆ ಏನೂ ಗಿಟ್ಟುವುದಿಲ್ಲ. ನಕಲು ಬರುವುದು ಅಪರೂಪದ ಮುಖಗಳಲ್ಲಿ. ಒಂದು ಭೂತಗನ್ನಡಿ, ಒಂದು ಸಣ್ಣ ತಕ್ಕಡಿ ಇದ್ದರೆ ಸಾಕು. ತೂಕ ಮೂರರಿಂದ ನಾಲ್ಕೂವರೆ ಗ್ರಾಂ, ಅಗಲ 20ರಿಂದ 24 ಮಿಲಿಮೀಟರ್ ಸುತ್ತ ಇರಬೇಕು. ಅಂಚಿನಲ್ಲಿ ಸುತ್ತಲೂ ಗೆರೆ ಕಂಡರೆ, ಮೈಮೇಲೆ ಪುಟ್ಟ ಗುಳ್ಳೆಗಳಿದ್ದರೆ, ಅದು ಎರಕ ಹೊಯ್ದದ್ದು. ಬೇರೆ ಬೇರೆ ಕಡೆ ಮಾರಾಟಕ್ಕಿರುವ ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು, ಒಂದೇ ಆಕಾರದ ಅಂಚು ಇದ್ದರೆ ಎರಡೂ ನಕಲಿ. ಇನ್ನೊಂದು ಜಾತಿಯ ಮೋಸ ಇದೆ. ನಾಣ್ಯ ಅಸಲಿಯೇ, ಆದರೆ ಸವೆದ ಗಡ್ಡ, ಕಿರೀಟ, ಗುರಾಣಿಯ ಚಿತ್ರವನ್ನು ಈಗಿನವರು ಸೂಜಿಯಿಂದ ಕೆತ್ತಿ ಚೂಪು ಮಾಡಿರುತ್ತಾರೆ. ಅಕ್ಷರ ಸವೆದು ಮೊಂಡಾಗಿದ್ದು ಗಡ್ಡ ಮಾತ್ರ ನಿನ್ನೆ ಕೆತ್ತಿದಂತಿದ್ದರೆ ಕೈಬಿಡಿ.

ಮಾರಾಟಗಾರರು 'ಆರ್‌ಐಸಿಯಲ್ಲಿ ಇಲ್ಲ!' ಎಂದು ದೊಡ್ಡದಾಗಿ ಹಾಕಿ ಬೆಲೆ ಏರಿಸುತ್ತಾರೆ. ಪ್ರೋಬಸ್ ವಿಷಯದಲ್ಲಿ ಆ ಮಾತಿಗೆ ಬೆಲೆ ಇಲ್ಲ. 1933ರ ಪಟ್ಟಿಯಲ್ಲಿ ಇಲ್ಲದ ಅಕ್ಷರ ಜೋಡಣೆ, ಮುಖದ ಬಗೆ ದಿನಾ ಸಿಗುತ್ತವೆ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯವರು ನಡೆಸುವ 'ಓಕ್ರೆ' ಎಂಬ ತಾಣದಲ್ಲಿ ಈ ಪಟ್ಟಿಯನ್ನು ದುಡ್ಡಿಲ್ಲದೆ ನೋಡಬಹುದು. ದೊರೆ, ಟಂಕಸಾಲೆ, ಬರಹ ಆರಿಸಿ ಹುಡುಕಿ. ವಸ್ತುಸಂಗ್ರಹಾಲಯಗಳ ನಾಣ್ಯಗಳ ಚಿತ್ರವೂ ಬರುತ್ತವೆ. ವಿಯೆನ್ನಾಕ್ಕೆ ಹೋದರೆ ಕುನ್ಸ್ಟ್‌ಹಿಸ್ಟೋರಿಶಸ್ ಮ್ಯೂಸಿಯಂನ ನಾಣ್ಯ ವಿಭಾಗಕ್ಕೆ ಒಂದು ಮಧ್ಯಾಹ್ನ ಇಡಿ.

ಹುಣಸೆಹಣ್ಣಿಗೆ ಬರೋಣ. ಅದರ ಹುಳಿ ತಾಮ್ರದ ಮೇಲಿನ ಕಿಲುಬನ್ನು ತಿನ್ನುತ್ತದೆ. ಚೊಂಬಿಗೆ ಅದು ಸರಿ, ಕೆಳಗೆ ಗಟ್ಟಿ ತಾಮ್ರವಿದೆ. ಈ ನಾಣ್ಯದಲ್ಲಿ ಲೇಪ ಕೂದಲಿಗಿಂತ ತೆಳು, ಅದು ಕೂತಿರುವುದೇ ಸವೆದ ಪದರದ ಮೇಲೆ. ಹುಳಿ ಕೆಳಗಿನ ತಾಮ್ರ ತಿಂದರೆ ಲೇಪ ಹಪ್ಪಳ ಎದ್ದು ಉದುರುತ್ತದೆ. ಉಳಿಯುವುದು ಕೆಂಪಗಿನ, ಚುಕ್ಕೆ ಬಿದ್ದ ಬಿಲ್ಲೆ. ನಿಂಬೆಹಣ್ಣು, ವಿನೆಗರ್, ಪಾತ್ರೆ ತಿಕ್ಕುವ ಪುಡಿ, ಬೆಳ್ಳಿ ತೊಳೆಯುವ ದ್ರಾವಣ ಎಲ್ಲವೂ ಬೇಡ. ಮಣ್ಣು ಅಂಟಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ನೀರು ಬದಲಿಸುತ್ತಾ ಇರಿ, ಮೆತ್ತನೆಯ ಬ್ರಷ್‌ನಿಂದ ಸವರಿ. ಅಂಗಡಿಯಿಂದ ಬಂದ ನಿಮ್ಮ ನಾಣ್ಯಕ್ಕೆ ಅದೂ ಬೇಕಿಲ್ಲ.

ಹೆದರಬೇಕಾದ್ದು ಒಂದಕ್ಕೆ. ತಿಳಿ ಹಸಿರು ಪುಡಿ ಚುಕ್ಕೆ ಚುಕ್ಕೆಯಾಗಿ ಏಳುತ್ತಿದೆಯೇ, ಹಲ್ಲುಕಡ್ಡಿಯಿಂದ ಮುಟ್ಟಿದರೆ ಉದುರುತ್ತದೆಯೇ ನೋಡಿ. ಗಟ್ಟಿಯಾಗಿ ನಯವಾಗಿರುವ ಹಸಿರು ಒಳ್ಳೆಯದೇ, ಅದು ನಾಣ್ಯವನ್ನು ಕಾಯುತ್ತದೆ. ಉದುರುವ ಹಸಿರು ರೋಗ. ಮಣ್ಣಿನ ಉಪ್ಪು ಒಳಗೆ ಸೇರಿ, ಗಾಳಿಯ ತೇವ ಸಿಕ್ಕಾಗೆಲ್ಲ ಲೋಹವನ್ನು ತಿನ್ನುತ್ತಾ ಹೋಗುತ್ತದೆ. ಅಂಥ ನಾಣ್ಯವನ್ನು ಬೇರೆ ಇಡಿ. ಡಿಸ್ಟಿಲ್ಡ್ ವಾಟರ್‌ನಲ್ಲಿ ವಾರಗಟ್ಟಲೆ ನೀರು ಬದಲಿಸುತ್ತಾ ನೆನೆಸಿ, ಪೂರ್ತಿ ಒಣಗಿಸಿ. ಹತೋಟಿಗೆ ಬರದಿದ್ದರೆ ಬಲ್ಲವರಿಗೆ ತೋರಿಸಿ. ಧಾರವಾಡದ ಮಳೆಗಾಲ ಈ ರೋಗಕ್ಕೆ ಹೇಳಿ ಮಾಡಿಸಿದ ಹವೆ, ಕರಾವಳಿಯಂತೂ ಇನ್ನೂ ಕಷ್ಟ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಆಗಾಗ ಬದಲಿಸಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಆಲ್ಬಂ ಬೇಡ. ಅದು ವರ್ಷ ಕಳೆದಂತೆ ಅಂಟಂಟಾಗಿ ನಾಣ್ಯಕ್ಕೆ ಹಸಿರು ಬಳಿಯುತ್ತದೆ. ನಿಮ್ಮ ಟಿಪ್ಪು ಕಾಸುಗಳು ಅಂಥದರಲ್ಲಿದ್ದರೆ ಇವತ್ತೇ ತೆಗೆಯಿರಿ. ಒಂದೊಂದನ್ನು ಒಂದೊಂದು ಕಾಗದದ ಲಕೋಟೆಯಲ್ಲಿಟ್ಟು, ಮೇಲೆ ತೂಕ, ಗುರುತು, ಎಲ್ಲಿ ಕೊಂಡದ್ದು, ಎಷ್ಟಕ್ಕೆ ಎಂದು ಬರೆದಿಡಿ.

'ದೊಡ್ಡ, ಭಾರದ ಕಂಚು ಬೇಕು' ಎನಿಸಿದರೆ ಪ್ರೋಬಸ್ ಸರಿಯಾದ ದೊರೆಯಲ್ಲ. ಅವನ ಕಾಲಕ್ಕೆ ಆ ದೊಡ್ಡ ನಾಣ್ಯಗಳು ಹೆಚ್ಚುಕಡಿಮೆ ನಿಂತುಹೋಗಿದ್ದವು. ಮ್ಯಾಕ್ಸಿಮಿನಸ್ ಥ್ರಾಕ್ಸ್‌ನ ಸೆಸ್ಟರ್ಷಿಯಸ್ ನೋಡಿ. 20 ಗ್ರಾಂ ಸುತ್ತಮುತ್ತ ತೂಕ, ಅಂಗೈ ತುಂಬುತ್ತದೆ. ಮೊದಲ ವರ್ಷದ ನಾಣ್ಯಗಳಲ್ಲಿ ಅವನ ಮುಖ ಹಿಂದಿನ ದೊರೆಯಂತಿದೆ, ಯಾಕೆಂದರೆ ರೋಮ್‌ನ ಕೆತ್ತನೆಗಾರರು ಅವನನ್ನು ಕಂಡಿರಲೇ ಇಲ್ಲ. ಆಮೇಲೆ ಮುಂದೆ ಚಾಚಿದ ಆ ದೊಡ್ಡ ಗದ್ದ ಬಂತು. ಬೆಲೆ ಮಾತ್ರ ಪ್ರೋಬಸ್‌ನ ಹಲವು ಪಟ್ಟು.

ಕೊನೆಗೆ ಕಾನೂನು. ಮಣ್ಣು ಮೆತ್ತಿದ ನಾಣ್ಯಗಳನ್ನು ಕಿಲೋ ಲೆಕ್ಕದಲ್ಲಿ ಮಾರುವವರಿಂದ ದೂರ ಇರಿ. ಒಳ್ಳೆಯದನ್ನು ಆರಿಸಿ ತೆಗೆದ ಮೇಲೆ ಉಳಿದ ಕಸ ಅದು. ಅದಕ್ಕಿಂತ ಮುಖ್ಯವಾಗಿ, ಯಾವುದೋ ಹಳೆಯ ನೆಲೆಯನ್ನು ಕಳ್ಳತನದಿಂದ ಅಗೆದು ತಂದದ್ದೇ ಹೆಚ್ಚು. ಟರ್ಕಿಗೆ ಪ್ರವಾಸ ಹೋದಾಗ ಹಾಳೂರಿನ ಬಾಗಿಲಲ್ಲಿ ಯಾರಾದರೂ ನಾಣ್ಯ ತೋರಿಸಿದರೆ ಕೊಳ್ಳಲೇಬೇಡಿ. ನಕಲಿಯಾದರೆ ದುಡ್ಡು ಹೋಗುತ್ತದೆ, ಅಸಲಿಯಾದರೆ ವಿಮಾನ ನಿಲ್ದಾಣದಲ್ಲಿ ಜೈಲು. ಮಗಳಿಗೆ ಹೇಳಿ: ಪ್ರತಿ ಸಲ ಬಿಲ್ಲು, ನಾಣ್ಯ ಹಿಂದೆ ಯಾರ ಸಂಗ್ರಹದಲ್ಲಿತ್ತು ಎಂಬ ಬರಹ ತೆಗೆದುಕೊಳ್ಳಲಿ, ದೇಶದ ಹೊರಗೆ ಒಯ್ಯಲು ಪರವಾನಗಿ ಬೇಕೇ ಎಂದು ಅಂಗಡಿಯಲ್ಲೇ ಕೇಳಲಿ. ಇಲ್ಲಿಗೆ ಬಂದ ಮೇಲೆ ನಮ್ಮ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ. ನೂರು ವರ್ಷ ದಾಟಿದ ನಾಣ್ಯವೂ ಅದರಲ್ಲಿ ಪ್ರಾಚ್ಯವಸ್ತುವೇ. ಮಾರುವ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ದೇಶದಾಚೆ ಕಳಿಸುವುದು ಖಾಸಗಿಯವರ ಕೈಯಲ್ಲಿಲ್ಲ. 'ಬೇಡವಾದರೆ ಮಗಳ ಜೊತೆ ವಾಪಸ್ ಕಳಿಸಿ ಮಾರಿಸೋಣ' ಎಂದುಕೊಂಡು ಕೊಳ್ಳಬೇಡಿ.

ನಮ್ಮ ನೆಲದಲ್ಲಿ ಪ್ರೋಬಸ್ ಸಿಗಬಹುದೇ ಎಂದು ಮನಸ್ಸಿಗೆ ಬಂದಿರುತ್ತದೆ. ಚಂದ್ರವಳ್ಳಿ, ಯಶವಂತಪುರದ ಕಡೆ ಸಿಕ್ಕವು ಅವನಿಗಿಂತ ಎರಡೂವರೆ ಶತಮಾನ ಹಿಂದಿನ ಆಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ. ನಿಮಗೆ ಹತ್ತಿರದ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನಿಧಿ ಚಿನ್ನದ್ದು, ಬಹುಪಾಲು ಅವನಿಗಿಂತ ಈಚಿನದು. ಇಲ್ಲಿಯ ವ್ಯಾಪಾರಿಗಳಿಗೆ ಬೇಕಿದ್ದದ್ದು ಬೆಳ್ಳಿ, ಬಂಗಾರ. ನೂರಕ್ಕೆ ಐದು ಬೆಳ್ಳಿಯ ಬಿಲ್ಲೆ ಯಾರಿಗೆ ಬೇಕು? ಹಾಗಾಗಿ ಸಂತೆಯಲ್ಲಿ ಯಾರಾದರೂ 'ಹೊಲದಲ್ಲಿ ಸಿಕ್ಕಿತು' ಎಂದು ಪ್ರೋಬಸ್ ತೋರಿಸಿದರೆ ಕಥೆ ನಂಬಬೇಡಿ. ನಿಜವಾಗಿ ನೆಲದಲ್ಲಿ ಸಿಕ್ಕಿದ್ದೇ ಆದರೆ 1878ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಕೊಳ್ಳುವ ಹಾಗಿಲ್ಲ.

ಸದ್ಯಕ್ಕೆ ಮಗಳಿಗೆ ಒಂದು ಕೆಲಸ ಒಪ್ಪಿಸಿ. ಅದೇ ಅಂಗಡಿಗೆ ಹೋಗಿ ಸೆರ್ಡಿಕಾದ ಇದೇ ರಥ, ಕೆಳಗೆ ತ್ರಿಕೋನದ ಬದಲು ಗ್ಯಾಮಾ, ಅಂದರೆ ತಲೆಕೆಳಗಾದ ಎಲ್ ಅಕ್ಷರ ಇರುವುದನ್ನು ಕೇಳಲಿ. 40 ಯೂರೋ ದಾಟಿದರೆ ಚೌಕಾಶಿ ಮಾಡಲಿ.